ಸಹಾಯ ಬೇಕು: ಪ್ರತಿಕೃತಿ ಸ್ಪೋರ್ಟ್ಸ್ ಕಾರಿನಲ್ಲಿ ಕಲಬುರಗಿಯಿಂದ ಮೈಸೂರಿಗೆ

ಮಾನ್ಯ ಸದಸ್ಯರೇ,

ನಮ್ಮ ಅಣ್ಣನವರ ಬಳಿ 1950ರ ದಶಕದ ಪೋರ್ಷೆ 356 ಸ್ಪೀಡ್‌ಸ್ಟರ್ ಕಾರಿನ ಪ್ರತಿಕೃತಿಯಿದೆ. ಅದರ ಮೈ ಫೈಬರ್ ಗ್ಲಾಸಿನದು. ಚಾಸಿ ಮತ್ತು ಹಿಂಬದಿಯ ಎಂಜಿನ್ ಫೋಕ್ಸ್‌ವ್ಯಾಗನ್ ಬೀಟಲ್‌ನವು. ಬರುವ ಡಿಸೆಂಬರ್‌ನಲ್ಲಿ ನಾವಿಬ್ಬರೂ ಅದರಲ್ಲಿ ಜೇವರ್ಗಿ, ಶಹಾಪುರ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು ಮಾರ್ಗವಾಗಿ ಮೈಸೂರಿಗೆ ಹೋಗಬೇಕೆಂದಿದ್ದೇವೆ. ಇಂಥ ಕಾರನ್ನು ಹೊದಿಕೆ ಹಾಕಿ ಶೆಡ್ಡಿನಲ್ಲಿಡುವುದಕ್ಕಿಂತ ಓಡಿಸುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಬೆಲ್ಟಿನಿಂದ ತಿರುಗುವ ಫ್ಯಾನಿನ ಗಾಳಿ ಮತ್ತು ಸುಮಾರು ಎರಡೂವರೆ ಲೀಟರ್ ಆಯಿಲ್ ಸೇರಿಯೇ ಅದನ್ನು ತಂಪಾಗಿಡಬೇಕು. ಹೆಚ್ಚುವರಿ ಬೆಲ್ಟನ್ನು ಈಗಾಗಲೇ ತೆಗೆದಿಟ್ಟಿದ್ದೇವೆ.

ನಿಜವಾದ ಚಿಂತೆ ಪೆಟ್ರೋಲ್ ಪೈಪಿನದು. ಈಗ ಬಂಕುಗಳಲ್ಲಿ ದೊರೆಯುವ, ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ಬಗೆಯ ರಬ್ಬರನ್ನು ಹಾಳು ಮಾಡುತ್ತದೆ. ಕಾರ್ಬ್ಯುರೇಟರ್ ಬಳಿಯ ಪೈಪನ್ನು ಬೆರಳಿನಿಂದ ತುಸು ಬಾಗಿಸಿದರೆ ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಅಲ್ಲಿಂದ ಪೆಟ್ರೋಲ್ ಸೋರಿ ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿ ಹತ್ತುವ ಅಪಾಯವಿದೆ, ಫೈಬರ್ ಮೈಯಂತೂ ನೋಡನೋಡುತ್ತಲೇ ಉರಿದುಹೋಗುತ್ತದೆ.

ಎಥೆನಾಲ್ ತಾಳುವ ಪೈಪು ಕಲಬುರಗಿಯಲ್ಲಿ, ಇಲ್ಲವೇ ಸೊಲ್ಲಾಪುರ ಅಥವಾ ಹೈದರಾಬಾದಿನಲ್ಲಿ ಎಲ್ಲಿ ಸಿಗುತ್ತದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು. ಬೀಟಲ್ ಎಂಜಿನ್ನಿನ ವಾಲ್ವ್ ಅಂತರ (ವಾಲ್ವ್ ಮತ್ತು ಅದನ್ನು ಒತ್ತಿ ತೆರೆಯುವ ತೋಳಿನ ನಡುವಿನ ಸಣ್ಣ ಸಂದು) ಸರಿಪಡಿಸಬಲ್ಲ ಮೆಕ್ಯಾನಿಕ್ ಬಳ್ಳಾರಿಯ ಆಸುಪಾಸಿನಲ್ಲಿದ್ದರೆ ಅದನ್ನೂ ತಿಳಿಸಿ. ಕಾರಿನ ತಳ ನೆಲಕ್ಕೆ ಬಹಳ ಹತ್ತಿರವಿರುವುದರಿಂದ, ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಇತ್ತೀಚೆಗೆ ಪ್ರಯಾಣಿಸಿದವರು ಎತ್ತರದ ರಸ್ತೆಯುಬ್ಬುಗಳು ಯಾವ ಊರುಗಳ ಬಳಿ ಇವೆಯೆಂದು ಬರೆದರೆ ಬಹಳ ಉಪಕಾರವಾಗುತ್ತದೆ.