ವಾರಕ್ಕೊಮ್ಮೆ ಮೀನಿನ ಟ್ಯಾಂಕ್ ಪೂರ್ತಿ ತೊಳೆದರೂ ಎರಡೇ ದಿನಕ್ಕೆ ನೀರು ಮಬ್ಬಾಗುತ್ತಿದೆ, ಏನು ಮಾಡಲಿ?

ಹೊಂಬಣ್ಣ:
ಎಲ್ಲರಿಗೂ ನಮಸ್ಕಾರ. 60 ಲೀಟರಿನ ಟ್ಯಾಂಕ್, ನಾಲ್ಕು ಚಿಕ್ಕ ಗೋಲ್ಡ್‌ಫಿಷ್, ಒಂದು ಸ್ಪಂಜ್ ಫಿಲ್ಟರ್. ವಾರಕ್ಕೊಮ್ಮೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ನೀರೆಲ್ಲ ಚೆಲ್ಲಿ, ಕಲ್ಲು, ಸ್ಪಂಜ್, ಗಾಜು ಎಲ್ಲವನ್ನೂ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯುತ್ತೇನೆ. ಆದರೂ ಎರಡು ದಿನದೊಳಗೆ ನೀರು ಹಾಲು ಬೆರೆಸಿದ ಹಾಗಾಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ವಾರಕ್ಕೆ ಎರಡು ಸಲ ತೊಳೆಯಬೇಕೇ?

ನೀರ್ಗಿಡ:
ಬೇಡ, ದಯವಿಟ್ಟು ಪೂರ್ತಿ ತೊಳೆಯುವುದನ್ನು ಇವತ್ತೇ ನಿಲ್ಲಿಸಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕನ್ನೂ ಟೆಸ್ಟ್ ಮಾಡಿ ಹಾಕಿ. ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹಾಕುತ್ತೀರಾ? ದಿನಕ್ಕೆ ಎಷ್ಟು ಸಲ ಆಹಾರ?

ಹೊಂಬಣ್ಣ:
ಅಮೋನಿಯಾ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ), ನೈಟ್ರೈಟ್ 0.5, ನೈಟ್ರೇಟ್ ಇಲ್ಲವೇ ಇಲ್ಲ ಅನ್ನುವಷ್ಟು. ಪಿಎಚ್ 8. ನೀರನ್ನು ರಾತ್ರಿ ಹಿಡಿದಿಟ್ಟು ಬೆಳಿಗ್ಗೆ ಹಾಕುತ್ತೇನೆ, ಬೇರೇನೂ ಬೆರೆಸುವುದಿಲ್ಲ. ಆಹಾರ ಮೂರು ಹೊತ್ತು.

ನೀರ್ಗಿಡ:
ಈಗ ಸ್ಪಷ್ಟವಾಯಿತು. ಮೀನಿನ ಕಿವಿರು ಮತ್ತು ಮಲದಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡು ವಿಷ, ಮೂರನೆಯದು ಸಾಧಾರಣ ಮಟ್ಟದಲ್ಲಿ ಮೀನಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಸ್ಪಂಜಿನಲ್ಲಿ ಮತ್ತು ಕಲ್ಲುಗಳ ಮೇಲೆ. ಸ್ಪಂಜ್ ಹಿಂಡಿದಾಗ ಬರುವ ಆ ಕಂದು ಲೋಳೆಯಲ್ಲೇ ಅವು ಇರುತ್ತವೆ. ಅದನ್ನು ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ಪ್ರತಿ ವಾರವೂ ಟ್ಯಾಂಕ್ ಮೊದಲಿಂದ ಶುರು. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ನಿಮ್ಮ ಟ್ಯಾಂಕಿಗೆ ಆ ಅವಕಾಶವೇ ಸಿಕ್ಕಿಲ್ಲ.

ಆ ಬಿಳಿ ಮಬ್ಬು ಕೂಡ ಬ್ಯಾಕ್ಟೀರಿಯಾವೇ, ಆದರೆ ಬೇರೆ ಜಾತಿಯವು. ಉಳಿದ ಆಹಾರ, ಕೊಳೆ ತಿಂದು ನೀರಿನಲ್ಲೇ ತೇಲುತ್ತ ಹೆಚ್ಚುತ್ತವೆ, ಆಮ್ಲಜನಕ ಹೀರುತ್ತವೆ. ಮೀನು ಮೇಲೆ ಬಂದು ಬಾಯಿ ಬಿಡುವುದಕ್ಕೆ ಅದೂ ಒಂದು ಕಾರಣ. ಅಮೋನಿಯಾ ಕಿವಿರನ್ನು ಸುಡುತ್ತದೆ, ನೈಟ್ರೈಟ್ ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ಪಿಎಚ್ 8 ಇರುವುದರಿಂದ ಚಿಂತೆ ಇನ್ನೂ ಹೆಚ್ಚು: ಪಿಎಚ್ 7ಕ್ಕೆ ಹೋಲಿಸಿದರೆ ಅಮೋನಿಯಾದ ವಿಷಕಾರಿ ಭಾಗ ಹತ್ತಿರ ಹತ್ತಿರ 10 ಪಟ್ಟು ಇರುತ್ತದೆ.

ಹಾಗಾಗಿ ಇವತ್ತೇ ಅರ್ಧ ನೀರು ಬದಲಿಸಿ. ಆಮೇಲೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ದಿನಾ ಟೆಸ್ಟ್ ಮಾಡಿ, ಕಾಣಿಸಿದ ದಿನ 30ರಿಂದ 50 ಶೇಕಡ ಬದಲಿಸಿ. ಮೀನುಗಳನ್ನು ಹೊರಗೆ ತೆಗೆಯುವುದೇ ಬೇಡ, ಹಿಡಿಯುವ ಗಾಬರಿಯೂ ಅವಕ್ಕೆ ಪೆಟ್ಟೇ. ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ. ಫಿಲ್ಟರ್ ಮುಟ್ಟಬೇಡಿ. ಏರ್ ಸ್ಟೋನ್ (ನೀರಿನಲ್ಲಿ ಗಾಳಿಗುಳ್ಳೆ ಬಿಡುವ ಕಲ್ಲು) ಇದ್ದರೆ ಹಾಕಿ. ಆಹಾರ ದಿನಕ್ಕೊಂದೇ ಸಲ, ಒಂದೆರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಮಾತ್ರ.

ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ, ಆದರೆ ಕ್ಲೋರಮೈನ್ (ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಸೋಂಕುನಾಶಕ) ಹಾಗೆ ಹಾರುವುದಿಲ್ಲ. ನಲ್ಲಿ ನೀರಿನಲ್ಲಿ ಯಾವುದಿದೆ ಎಂದು ಗೊತ್ತಿಲ್ಲದಿದ್ದರೆ ಕ್ಲೋರಮೈನಿಗೂ ಆಗುವ ಆಂಟಿ ಕ್ಲೋರಿನ್ ಕಂಡಿಷನರ್ ಹಾಕುವುದೇ ಸುರಕ್ಷಿತ.

ಕೊಳದಂಚು:
ಮೇಲಿನವರು ಹೇಳಿದ್ದು ಸರಿ. ಆದರೆ ಯಾರೂ ಮುಟ್ಟದ ಮಾತು ಒಂದಿದೆ: 60 ಲೀಟರಿಗೆ ನಾಲ್ಕು ಗೋಲ್ಡ್‌ಫಿಷ್ ತುಂಬಾ ಜಾಸ್ತಿ. ಅವು ಬಹಳ ತಿನ್ನುತ್ತವೆ, ಅಷ್ಟೇ ಗಲೀಜು ಮಾಡುತ್ತವೆ, ಬೇಗ ದೊಡ್ಡದಾಗುತ್ತವೆ. ದೊಡ್ಡ ಟ್ಯಾಂಕ್ ಬರುವವರೆಗೆ ವಾರಕ್ಕೆ 25 ಶೇಕಡ ನೀರು ಬದಲಿಸಿ ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ ಇಲ್ಲಿ ಸಾಲದು, ಅರ್ಧ ಬೇಕು. ಅದೇ ಟ್ಯಾಂಕಿನಲ್ಲಿ ಕೆಲವೇ ಗಪ್ಪಿ, ದಟ್ಟ ಗಿಡ ಇದ್ದರೆ ಎರಡು ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೂ ನಡೆಯುತ್ತಿತ್ತು. ಅದಕ್ಕೇ ಕ್ಯಾಲೆಂಡರ್ ಒಂದನ್ನೇ ನಂಬದೆ ನೈಟ್ರೇಟ್ ನೋಡಿ. 20 ಪಿಪಿಎಂ ಒಳಗಿದ್ದರೆ ನಿಶ್ಚಿಂತೆ, 40 ಮುಟ್ಟುವಷ್ಟರಲ್ಲಿ ನೀರು ಬದಲಾಗಿರಬೇಕು.

ಇನ್ನೊಂದು, ಆವಿಯಾದಷ್ಟು ನೀರು ಮೇಲಿಂದ ಸುರಿದು ತುಂಬಿಸುವುದು ನೀರು ಬದಲಿಸಿದ ಲೆಕ್ಕಕ್ಕೆ ಬರುವುದಿಲ್ಲ. ನೈಟ್ರೇಟ್ ಆವಿಯಾಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಸೈಫನ್ ಪೈಪನ್ನು ಕಲ್ಲಿನೊಳಗೆ ಚುಚ್ಚಿ, ಕೊಳೆ ಮೇಲೇಳುವ ಹಾಗೆ ಎಳೆದು ತೆಗೆಯಿರಿ. ಒಂದು ವಾರ ಎಡಭಾಗ, ಮುಂದಿನ ವಾರ ಬಲಭಾಗ ಮಾಡಿದರೆ ಸಾಕು.

ಹೊಂಬಣ್ಣ:
ಇಬ್ಬರಿಗೂ ತುಂಬಾ ಧನ್ಯವಾದ. ನೀವು ಹೇಳಿದ ಹಾಗೇ ಮಾಡುತ್ತ ಬಂದೆ, ಈಗ ನೀರು ತಿಳಿಯಾಗಿದೆ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ನೈಟ್ರೇಟ್ 10 ತೋರಿಸುತ್ತಿದೆ. ಮೀನುಗಳು ಕೆಳಗೆ ಕಲ್ಲು ಕೆದಕುತ್ತಿವೆ. ಎರಡು ಮೀನು ದೊಡ್ಡ ಕೊಳವಿರುವ ಸ್ನೇಹಿತರಿಗೆ ಕೊಡುತ್ತಿದ್ದೇನೆ. ಸ್ಪಂಜ್ ಮಾತ್ರ ಕಪ್ಪಗಾಗಿದೆ, ತೊಳೆಯಲೇ? ಫಿಲ್ಟರ್ ಸದ್ದು ಮಾಡುತ್ತದೆ ಅಂತ ರಾತ್ರಿ ಆಫ್ ಮಾಡಬಹುದೇ?

ನೀರ್ಗಿಡ:
ನೈಟ್ರೇಟ್ ಕಾಣಿಸಿತು ಅಂದರೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿವೆ, ತುಂಬಾ ಖುಷಿಯಾಯಿತು. ಬಣ್ಣ ನೋಡಿ ಸ್ಪಂಜ್ ತೊಳೆಯಬೇಡಿ, ನೀರಿನ ಹರಿವು ಕುಗ್ಗಿದಾಗ ತೊಳೆಯಿರಿ. ಅದೂ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಮೆಲ್ಲಗೆ ಹಿಂಡಿ ವಾಪಸ್ ಹಾಕಿ. ಗಾಜಿನ ಪಾಚಿಯನ್ನು ಮುಂದಿನ ಭಾಗದಲ್ಲಿ ಮಾತ್ರ ಒರೆಸಿ, ಹಿಂದಿನದು ಇದ್ದರೆ ತೊಂದರೆಯೇನಿಲ್ಲ. ಫಿಲ್ಟರ್ ಮಾತ್ರ ಹಗಲು ರಾತ್ರಿ ಓಡುತ್ತಲೇ ಇರಬೇಕು, ಆಮ್ಲಜನಕವುಳ್ಳ ನೀರು ಹರಿಯದಿದ್ದರೆ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಸದ್ದು ಬಹುಶಃ ಫಿಲ್ಟರಿಗೆ ಗಾಳಿ ಊದುವ ಏರ್ ಪಂಪಿನದು. ಅದರ ಕೆಳಗೆ ಮಡಚಿದ ದಪ್ಪ ಬಟ್ಟೆ ಇಟ್ಟು ನೋಡಿ. ಪಂಪ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪಿಗೆ ಚೆಕ್ ವಾಲ್ವ್ ಹಾಕಿ, ಕರೆಂಟ್ ಹೋದಾಗ ನೀರು ಹಿಂದಕ್ಕೆ ಪಂಪಿಗೆ ನುಗ್ಗುವುದಿಲ್ಲ.