ಸ್ಲ್ಯಾಗ್ ಗಾಜಿನ ಬಿಲ್ಲೆ ಮೇಲಷ್ಟೇ ಹರಳಾಗುತ್ತಿದೆ, ಒಳಗಿಲ್ಲ

ಪ್ರಶ್ನೆ (ಬಳ್ಳಾರಿ):
ತೋರಣಗಲ್ಲು ಕಡೆಯ ಊದುಕುಲುಮೆ ಸ್ಲ್ಯಾಗ್‌ಗೆ (ಕಬ್ಬಿಣ ತೆಗೆದಾಗ ಉಳಿಯುವ ಕಿಟ್ಟ) ಮರಳು ಬೆರೆಸಿ 1450 ಡಿಗ್ರಿಯಲ್ಲಿ ಕರಗಿಸಿ ಎರಕ ಹೊಯ್ದಿದ್ದೇವೆ. ಒಳಗೆಲ್ಲ ಹರಳು ಕಟ್ಟಿಸಿ ಗ್ಲಾಸ್-ಸೆರಾಮಿಕ್ ಮಾಡಲು ಬಿಲ್ಲೆಯನ್ನು ನೇರ 900ಕ್ಕೆ ಏರಿಸಿದರೆ ಸೊಟ್ಟಗಾಗುತ್ತದೆ. ಮುರಿದು ನೋಡಿದರೆ ಅಂಚಿನಲ್ಲಿ ಬಿಳಿ ಪದರ, ನಡುವೆ ಬರೀ ಗಾಜು. ಏನು ತಪ್ಪಿದೆ ಸರ್?

ಉತ್ತರ 1:
ಒಳಗೆ ಬೀಜಕಣಗಳೇ (ಹರಳು ಬೆಳೆಯಲು ಶುರುವಾಗುವ ಸಣ್ಣ ಕಣಗಳು) ಇಲ್ಲ, ಅದಕ್ಕೇ ಹರಳು ಮೇಲ್ಮೈಯಿಂದ ಹುಟ್ಟುತ್ತಿದೆ. ಬೀಜಕಣ ಹುಟ್ಟಲು ಕರಗಿಸುವಾಗಲೇ ಟೈಟಾನಿಯಂ ಡೈಆಕ್ಸೈಡ್ ತೂಕದ 5–8% ಹಾಕಿ. ಮೊದಲು ಗಾಜು ಮೆದುವಾಗತೊಡಗುವ ತಾಪಕ್ಕಿಂತ ಸುಮಾರು 50 ಡಿಗ್ರಿ ಮೇಲೆ ಒಂದೆರಡು ಗಂಟೆ ನಿಲ್ಲಿಸಿ. ಆಮೇಲೆ ನಿಮಿಷಕ್ಕೆ 2–3 ಡಿಗ್ರಿಯಂತೆ ಏರಿಸಿ. ಅವಸರ ಮಾಡಿದರೆ ಹರಳುಗಳು ಹೆಣೆದುಕೊಳ್ಳುವ ಮೊದಲೇ ಗಾಜು ಕುಸಿಯುತ್ತದೆ, ಸೊಟ್ಟಗಾಗುವುದು ಇದರಿಂದಲೇ. ತಾಪವನ್ನು ಊಹಿಸಬೇಡಿ, ಡಿಟಿಎ ಮಾಡಿಸಿ (ಕಾಯಿಸುತ್ತಾ ಗಾಜು ಯಾವ ತಾಪದಲ್ಲಿ ಮೆದುವಾಗುತ್ತದೆ, ಹರಳಾಗುತ್ತದೆ ಎಂದು ಅಳೆಯುವ ಪರೀಕ್ಷೆ).

ಉತ್ತರ 2:
ಅಲ್ಯುಮಿನಾ ಮೂಸೆಯಾದರೆ ಅದೂ ಸ್ವಲ್ಪ ಕರಗಿ ಗಾಜಿಗೆ ಸೇರುತ್ತದೆ, ಮಿಶ್ರಣದ ಲೆಕ್ಕ ಕೆಡುತ್ತದೆ. ಸ್ಲ್ಯಾಗ್ ಪುಡಿಯಲ್ಲಿನ ಕಬ್ಬಿಣದ ಚೂರನ್ನು ಮೊದಲೇ ಅಯಸ್ಕಾಂತದಿಂದ ತೆಗೆಯಿರಿ.

ಉತ್ತರ 3:
ನೆಲದ ಟೈಲ್‌ಗಷ್ಟೇ ಬೇಕಿದ್ದರೆ ಬೇರೆ ದಾರಿಯಿದೆ: ಕರಗಿದ್ದನ್ನು ನೀರಿಗೆ ಸುರಿದು, 75 ಮೈಕ್ರಾನ್‌ಗಿಂತ ಸಣ್ಣಗೆ ಅರೆದು, ಒತ್ತಿ ಸುಡಿ. ಪ್ರತಿ ಕಣದ ಮೇಲ್ಮೈಯಿಂದಲೂ ಹರಳು ಹುಟ್ಟುವುದರಿಂದ ಟೈಟಾನಿಯಂ ಡೈಆಕ್ಸೈಡ್ ಬೇಕಿಲ್ಲ. ಆದರೆ ಹರಳು ಬೇಗ ಕಟ್ಟಿದರೆ ಕಣಗಳು ಬೆಸೆಯದೆ ರಂಧ್ರ ಉಳಿಯುತ್ತವೆ. ಒಲೆಯ ಮೇಲ್ಹಲಗೆಗೆ ಮಾತ್ರ ಇದು ಆಗದು. ಕಾಯಿಸಿದರೂ ಹಿಗ್ಗದಿರಲು ಲಿಥಿಯಂ ಅಲ್ಯುಮಿನೋಸಿಲಿಕೇಟ್ ಎಂಬ ಬೇರೆ ಬಗೆಯ ಗ್ಲಾಸ್-ಸೆರಾಮಿಕ್ಕೇ ಬೇಕು.