‘ಅಜೋವ್’ (1826) ಯುದ್ಧನೌಕೆಯ ಸೇವಾಚರಿತ್ರೆ: ತಾರೀಖು, ತೋಪು, ಆಯುಷ್ಯ ಯಾವುದೂ ತಾಳೆಯಾಗುತ್ತಿಲ್ಲ

ಕೂವೆಮರ:
ರಷ್ಯಾದ ಹಾಯಿ ಕಾಲದ ಯುದ್ಧನೌಕೆ ‘ಅಜೋವ್’ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುತ್ತಿದ್ದೇನೆ. ಸೇವಾ ವಿವರದ ಪಟ್ಟಿ ಮಾಡುವಾಗ ಕೆಲವು ಕಡೆ ಸಿಕ್ಕಿಕೊಂಡೆ. ನವಾರಿನೋ ಕಾಳಗದ (ಗ್ರೀಸ್‌ನ ಕೊಲ್ಲಿಯೊಂದರಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ ಸೇರಿ ತುರ್ಕಿ-ಈಜಿಪ್ಟ್ ನೌಕಾಪಡೆಯನ್ನು ಸೋಲಿಸಿದ್ದು) ತಾರೀಖು ಒಂದು ಕಡೆ 1827ರ ಅಕ್ಟೋಬರ್ 8 ಅಂತಿದೆ, ಇನ್ನೊಂದು ಕಡೆ 20. ಕಾಳಗದಲ್ಲಿ ಹಡಗಿಗೆ 153 ತೂತು ಬಿದ್ದವಂತೆ. ಅಷ್ಟಾದ ಮೇಲೂ ಮುಳುಗಲಿಲ್ಲ ಅನ್ನುವುದನ್ನು ಓದುಗರಿಗೆ ಹೇಗೆ ವಿವರಿಸುವುದು? ಅದನ್ನು ಒಡೆದು ಬಿಚ್ಚಿಹಾಕಿದ್ದು 1831ರಲ್ಲಿ, ಆದರೆ ಅದೇ ವರ್ಷ ‘ಪಾಮ್ಯತ್ ಅಜೋವಾ’ ಎಂಬ ಹಡಗು ನೀರಿಗಿಳಿದಿದೆ. ಎರಡೂ ಒಂದೇನಾ? ಐದೇ ವರ್ಷದಲ್ಲಿ ಇಷ್ಟು ಹೆಸರುವಾಸಿಯಾದ ಹಡಗನ್ನು ಯಾಕೆ ಒಡೆದರು? ತಿಳಿದವರು ದಯವಿಟ್ಟು ಹೇಳಿ.

ಬಂದರುದೀಪ:
ಮೊದಲು ತಾರೀಖಿನ ಗಂಟು ಬಿಡಿಸಿಕೊಳ್ಳಿ. ಅದಾಗದೆ ಮುಂದೆ ಹೋದರೆ ಪಟ್ಟಿಯೆಲ್ಲ ಕಲಸಿಹೋಗುತ್ತದೆ. ಎರಡೂ ತಾರೀಖು ಸರಿಯೇ. ರಷ್ಯಾ 1918ರ ಫೆಬ್ರವರಿವರೆಗೂ ಜೂಲಿಯನ್ ಪಂಚಾಂಗವನ್ನೇ ಬಳಸುತ್ತಿತ್ತು. ಹತ್ತೊಂಬತ್ತನೇ ಶತಮಾನದ ರಷ್ಯನ್ ದಾಖಲೆಯ ತಾರೀಖಿಗೆ 12 ದಿನ ಸೇರಿಸಿದರೆ ಈಗಿನ ತಾರೀಖು ಸಿಗುತ್ತದೆ. ಹದಿನೆಂಟನೇ ಶತಮಾನದ್ದಾದರೆ 11, ಇಪ್ಪತ್ತನೇ ಶತಮಾನದ್ದಾದರೆ 13.

ಹೀಗೆ ಲೆಕ್ಕ ಹಾಕಿದರೆ ಅರ್ಖಾಂಗೆಲ್ಸ್ಕ್‌ನಲ್ಲಿ ಅಡಿಮರ ಇಟ್ಟದ್ದು, ಅಂದರೆ ಕಟ್ಟಲು ಶುರುಮಾಡಿದ್ದು, 1825ರ ನವೆಂಬರ್ 1 (ಹಳೆಯ ಲೆಕ್ಕದಲ್ಲಿ ಅಕ್ಟೋಬರ್ 20), ನೀರಿಗಿಳಿದದ್ದು 1826ರ ಜೂನ್ 7 (ಮೇ 26). ಕ್ರೋನ್‌ಸ್ಟಾಟ್‌ನಿಂದ ಅಡ್ಮಿರಲ್ ಸೆನ್ಯಾವಿನ್‌ರ ನೌಕಾಪಡೆಯ ಜೊತೆ ಹೊರಟದ್ದು 1827ರ ಜೂನ್ 22 (ಜೂನ್ 10), ನವಾರಿನೋ ಅಕ್ಟೋಬರ್ 20. ಶೌರ್ಯದ ಗೌರವವಾಗಿ ಸೇಂಟ್ ಜಾರ್ಜ್ ಬಾವುಟ ಕೊಟ್ಟ ಆಜ್ಞೆ ಡಿಸೆಂಬರ್ 29 (17).

ಪೇಚಿಗೆ ಸಿಕ್ಕಿಸುವುದು ಏನೆಂದರೆ, ಇಂಗ್ಲಿಷ್ ಪುಸ್ತಕಗಳು ಕಾಳಗಕ್ಕೆ ಹೊಸ ತಾರೀಖು ಕೊಟ್ಟು, ಕಟ್ಟಿದ್ದು, ಹೊರಟದ್ದು ಇವಕ್ಕೆ ರಷ್ಯನ್ ಪಟ್ಟಿಯ ಹಳೆಯ ತಾರೀಖನ್ನೇ ಎತ್ತಿಕೊಂಡಿರುತ್ತವೆ. ಒಂದೇ ಪುಟದಲ್ಲಿ ಎರಡು ಪಂಚಾಂಗ! ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಎರಡೂ ತಾರೀಖಿಗೆ ಬೇರೆ ಬೇರೆ ಕಾಲಂ ಇಡಿ.

ಇನ್ನು ‘ಪಾಮ್ಯತ್ ಅಜೋವಾ’ ಬೇರೆಯೇ ಹಡಗು. ‘ಅಜೋವ್‌ನ ನೆನಪು’ ಎಂದು ಅದರ ಅರ್ಥ. ನವಾರಿನೋ ಆದ ಮೇಲೆ ಚಕ್ರವರ್ತಿ ಮೊದಲನೇ ನಿಕೊಲಾಯ್ ‘ಅಜೋವ್’ಗೆ ಹಿಂಬದಿಯಲ್ಲಿ ಹಾರಿಸುವ ಸೇಂಟ್ ಜಾರ್ಜ್ ಬಾವುಟ ಕೊಟ್ಟರು. ರಷ್ಯನ್ ನೌಕಾಪಡೆಯಲ್ಲಿ ಈ ಗೌರವ ಪಡೆದ ಮೊದಲ ಹಡಗು ಇದೇ. ‘ಪಾಮ್ಯತ್ ಅಜೋವಾ’ ಹೆಸರಿನ ಹಡಗೊಂದು ನೌಕಾಪಡೆಯಲ್ಲಿ ಸದಾ ಇರಬೇಕು ಎಂದೂ ಆಯಿತು. ಹಾಗಾಗಿ ಹಳೆಯ ಹಡಗು ಹೋದರೂ ಬಾವುಟ ಮುಂದಿನದಕ್ಕೆ ದಾಟಿತು: 1831ರದ್ದು, ಆಮೇಲೆ 1848ರದ್ದು, ಕೊನೆಗೆ 1888ರ ಉಕ್ಕಿನ ಕ್ರೂಸರ್. ಯುವರಾಜ ನಿಕೊಲಾಯ್ (ಮುಂದೆ ಚಕ್ರವರ್ತಿ ಎರಡನೇ ನಿಕೊಲಾಯ್) 1890ರ ಡಿಸೆಂಬರ್‌ನಲ್ಲಿ ಬಾಂಬೆಗೆ ಬಂದಿಳಿದದ್ದು ಈ ಕ್ರೂಸರ್‌ನಲ್ಲೇ. 1919ರ ಆಗಸ್ಟ್ 18ರಂದು ಕ್ರೋನ್‌ಸ್ಟಾಟ್ ಬಂದರಿನಲ್ಲಿ ಬ್ರಿಟಿಷ್ ಟಾರ್ಪಿಡೊ ದೋಣಿಗಳು ಅದನ್ನು ಮುಳುಗಿಸಿದವು. ಈ ಕೊನೆಯ ತಾರೀಖಿಗೆ ಏನೂ ಸೇರಿಸಬೇಡಿ, ಆ ಹೊತ್ತಿಗೆ ಪಂಚಾಂಗ ಬದಲಾಗಿತ್ತು.

ಲಂಗರುಹಗ್ಗ:
ತೂತುಗಳ ಬಗ್ಗೆ ನಾನು ಬರೆಯುತ್ತೇನೆ. 153ರಲ್ಲಿ ನೀರಿನ ಮಟ್ಟದ ಕೆಳಗೆ ಬಿದ್ದವು 7 ಮಾತ್ರ. ಹಡಗಿನ ಹಣೆಬರಹ ನಿಂತಿದ್ದು ಆ ಏಳರ ಮೇಲೆ, ಉಳಿದ 146ರ ಮೇಲಲ್ಲ. ಗುಂಡು ನೀರಿಗೆ ಬಿದ್ದ ಕೂಡಲೇ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಕೆಳಗಿನ ತೂತು ಬೀಳುವುದು ತೀರಾ ಹತ್ತಿರದಿಂದ ತೋಪಿನ ಮೂತಿ ತಗ್ಗಿಸಿ ಹೊಡೆದಾಗ, ಇಲ್ಲವೇ ಹಡಗು ಓಲಾಡಿ ಒಡಲು ಮೇಲೆದ್ದ ಗಳಿಗೆಯಲ್ಲಿ.

ಆ ಕಾಲದ ಹಡಗುಗಳಲ್ಲಿ ನೀರಿನ ಮಟ್ಟದ ಒಳಬದಿಯಲ್ಲಿ ಗೋಡೆಗುಂಟ ಓಡಾಡಲು ಒಂದು ಇಕ್ಕಟ್ಟಾದ ಓಣಿ ಬಿಟ್ಟಿರುತ್ತಿದ್ದರು. ಕಾಳಗದ ಹೊತ್ತಿಗೆ ಬಡಗಿಗಳು ಲಾಂದ್ರ, ಸುತ್ತಿಗೆ, ಶಂಕುವಿನಾಕಾರದ ಮರದ ಬಿರಡೆ ಹಿಡಿದು ಅಲ್ಲೇ ಕಾದಿರುತ್ತಿದ್ದರು. ತೂತು ಬಿದ್ದರೆ ಬಿರಡೆಗೆ ಕೊಬ್ಬು ಸವರಿದ ನಾರು ಸುತ್ತಿ ಜಡಿಯುವುದು. ಆಮೇಲೆ ತೋಪುಗಳನ್ನು ಎದುರು ಬದಿಗೆ ಸರಿಸಿ ಹಡಗನ್ನು ವಾಲಿಸಿ, ಹೊರಗಿನಿಂದ ಸೀಸದ ತಗಡು ಹೊಡೆಯುವುದು. ಓಣಿಯಲ್ಲಿ ಸರಕು ತುಂಬಿದ್ದರೆ ಬಡಗಿ ತೂತಿನ ಹತ್ತಿರ ಹೋಗಲೂ ಆಗುತ್ತಿರಲಿಲ್ಲ. ಇಂಥ ಹಡಗುಗಳು ಮುಳುಗುವುದಕ್ಕಿಂತ ಬೆಂಕಿಯಿಂದ ಹಾಳಾದದ್ದೇ ಹೆಚ್ಚು.

ಇನ್ನೊಂದು ಮಾತು ಲೇಖನದಲ್ಲಿ ಬರಲೇಬೇಕು: ನವಾರಿನೋದಲ್ಲಿ ಎರಡೂ ಕಡೆಯವರು ಲಂಗರು ಹಾಕಿಕೊಂಡು ಹೊಡೆದಾಡಿದರು. ಲಂಗರಿನ ಹಗ್ಗಕ್ಕೆ ಹಿಂಬದಿಯಿಂದ ಇನ್ನೊಂದು ಹಗ್ಗ ಬಿಗಿದು, ಅದನ್ನು ಎಳೆದೋ ಸಡಿಲಿಸಿಯೋ ಹಡಗಿನ ಬದಿಯನ್ನು ಬೇಕಾದ ಗುರಿಗೆ ತಿರುಗಿಸುತ್ತಿದ್ದರು. ಆ ಹಗ್ಗ ಗುಂಡಿಗೆ ಕತ್ತರಿಸಿಹೋದರೆ ಹಡಗು ಗಾಳಿಗೆ ತಿರುಗಿ, ಹಿಂಬದಿಯನ್ನು ಶತ್ರುವಿಗೆ ಒಡ್ಡುತ್ತದೆ. ಅಲ್ಲಿಂದ ನುಗ್ಗಿದ ಗುಂಡು ಅಟ್ಟದ (ಡೆಕ್) ಉದ್ದಕ್ಕೂ ಹಾಯುತ್ತದೆ. ‘ಅಜೋವ್’ನ ಕಪ್ತಾನ ಲಾಜರೆವ್ ಏಕಕಾಲಕ್ಕೆ ಐದು ಹಡಗುಗಳ ಜೊತೆ ಸೆಣಸಿದರು ಎಂಬುದರ ತೂಕ ಇದನ್ನು ತಿಳಿದರೇ ಗೊತ್ತಾಗುವುದು. ಫ್ರೆಂಚರ ‘ಬ್ರೆಸ್ಲಾವ್’ ಬಂದು ಅಡ್ಡ ನಿಂತದ್ದರಿಂದ ‘ಅಜೋವ್’ ಮೇಲಿನ ಒತ್ತಡ ಇಳಿಯಿತು. ಇದನ್ನು ಬಿಡಬೇಡಿ, ಎಷ್ಟೋ ಲೇಖನಗಳಲ್ಲಿ ಬಿಟ್ಟುಹೋಗಿದೆ.

‘ಅಜೋವ್’ನಲ್ಲಿ ಸತ್ತವರು 24, ಗಾಯಗೊಂಡವರು 67. ಇಡೀ ರಷ್ಯನ್ ಪಡೆಯಲ್ಲಿ ಸತ್ತವರು 59. ಅಂದರೆ ಹತ್ತರಲ್ಲಿ ನಾಲ್ಕು ಸಾವು ಈ ಒಂದೇ ಹಡಗಿನಲ್ಲಿ. ಕೂವೆಮರಗಳಿಗೂ ಜೋರು ಪೆಟ್ಟು ಬಿದ್ದಿತ್ತು. ದುರಸ್ತಿಗೆ ಮಾಲ್ಟಾಕ್ಕೆ ಹೋಗಿ ಚಳಿಗಾಲವೆಲ್ಲ ಅಲ್ಲೇ ಕಳೆಯಬೇಕಾಯಿತು.

ತೋಪಿನ ಬಗ್ಗೆ ಎಚ್ಚರ. ‘ಅಜೋವ್’ಗೆ ಹೇಳುವ ‘74 ತೋಪಿನ ಹಡಗು’ ಅನ್ನುವುದು ದರ್ಜೆಯ ಹೆಸರು, ಎಣಿಸಿ ಬರೆದ ಲೆಕ್ಕವಲ್ಲ. ಕೆಳ ಅಟ್ಟದಲ್ಲಿ 36 ಪೌಂಡಿನವು, ಮೇಲಿನದರಲ್ಲಿ 24 ಪೌಂಡಿನವು. ಇಲ್ಲಿ ಪೌಂಡು ಅಂದರೆ ರಷ್ಯನ್ ತೋಪಿನ ಪೌಂಡು, ಸುಮಾರು 490 ಗ್ರಾಂ. ಹಾಗಾಗಿ 36 ಪೌಂಡಿನ ಗುಂಡು 17.6 ಕಿಲೋ ಹತ್ತಿರ ಬರುತ್ತದೆ. ಬ್ರಿಟಿಷರ 32 ಪೌಂಡಿನದು 14.5 ಕಿಲೋ. ಸಂಖ್ಯೆಗಳನ್ನು ಹಾಗೇ ಹೋಲಿಸಿದರೆ ತಪ್ಪಾಗುತ್ತದೆ.

ತೇಗದಹಲಗೆ:
ಐದೇ ವರ್ಷ ಯಾಕೆ ಅನ್ನುವುದಕ್ಕೆ ಉತ್ತರ ಬಂದರುದೀಪ ಅವರು ಕೊಟ್ಟ ತಾರೀಖಿನಲ್ಲೇ ಇದೆ. ನವೆಂಬರ್‌ನಿಂದ ಜೂನ್: ಏಳು ತಿಂಗಳು. ಕಟ್ಟಿದ ಕುರೊಚ್ಕಿನ್ ಆ ಕಾಲದ ಒಳ್ಳೆಯ ಕೈ, ಒಳಗಿನ ಏರ್ಪಾಡಿನಲ್ಲಿ ಲಾಜರೆವ್ ಖುದ್ದಾಗಿ ನಿಂತು ತಿದ್ದಿಸಿದರು. ವಿನ್ಯಾಸದಲ್ಲಿ ಕೊರತೆಯಿರಲಿಲ್ಲ, ತೊಂದರೆ ಇದ್ದದ್ದು ಮರದಲ್ಲಿ. ಅರ್ಖಾಂಗೆಲ್ಸ್ಕ್‌ನಲ್ಲಿ ಲಾರ್ಚ್, ಪೈನ್ ಮರ ಧಾರಾಳ, ಆದರೆ ವರ್ಷಗಟ್ಟಲೆ ಒಣಗಿಸುವ ವ್ಯವಧಾನ ಇರಲಿಲ್ಲ. ಹಸಿ ಮರದ ಮೇಲೆ ಒಳಗೂ ಹೊರಗೂ ಹಲಗೆ ಹೊಡೆದರೆ ಪಕ್ಕೆಲುಬುಗಳ ನಡುವೆ ತೇವ ಸಿಕ್ಕಿಬೀಳುತ್ತದೆ. ಗಾಳಿಯಾಡುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಮೊಳೆ ನಿಲ್ಲುವುದಿಲ್ಲ. ಕ್ರೋನ್‌ಸ್ಟಾಟ್‌ನ ನೀರು ಹೆಚ್ಚುಕಡಿಮೆ ಸಿಹಿನೀರೇ, ಮರಕ್ಕೆ ಉಪ್ಪಿನ ರಕ್ಷಣೆಯೂ ಇಲ್ಲ.

ಅದೇ ಕಾಳಗದಲ್ಲಿ ಬ್ರಿಟಿಷ್ ಅಡ್ಮಿರಲ್ ಕಾಡ್ರಿಂಗ್ಟನ್ ಇದ್ದ ‘ಏಷ್ಯಾ’ ನೋಡಿ. 1824ರಲ್ಲಿ ಬಾಂಬೆ ಡಾಕ್‌ಯಾರ್ಡ್‌ನಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ 84 ತೋಪಿನ ಹಡಗು ಅದು. ಮಲಬಾರ್, ಕೆನರಾ ಕಾಡುಗಳ ತೇಗ ಹೋಗುತ್ತಿದ್ದದ್ದು ಆ ಡಾಕ್‌ಯಾರ್ಡಿಗೇ. ತೇಗದ ಎಣ್ಣೆಯಂಶ ಕಬ್ಬಿಣದ ಮೊಳೆಯನ್ನು ಕಾಪಾಡುತ್ತದೆ. ಓಕ್‌ನ ಆಮ್ಲ ಅದನ್ನು ತಿನ್ನುತ್ತದೆ. ‘ಏಷ್ಯಾ’ವನ್ನು ಒಡೆಯಲು ಮಾರಿದ್ದು 1908ರಲ್ಲಿ. ಅಕ್ಕಪಕ್ಕ ನಿಂತು ಹೋರಾಡಿದ ಎರಡು ಹಡಗು, ಒಂದಕ್ಕೆ 5 ವರ್ಷ, ಇನ್ನೊಂದಕ್ಕೆ 84. ಈ ಹೋಲಿಕೆಗೆ ನಿಮ್ಮ ಲೇಖನದಲ್ಲಿ ಒಂದು ಪ್ಯಾರಾ ಖಂಡಿತ ಕೊಡಿ.

ಕೂವೆಮರ:
ಎಲ್ಲರಿಗೂ ಧನ್ಯವಾದ. 1828ರಿಂದ 1830ರವರೆಗಿನ ಭಾಗಕ್ಕೆ ಏನು ಬರೆಯಲಿ? ಕಾಳಗವೇ ಇಲ್ಲವಲ್ಲ.

ಬಂದರುದೀಪ:
ಕಾಳಗ ಇಲ್ಲದಿದ್ದರೂ ಕೆಲಸ ಇತ್ತು. 1828ರ ವಸಂತದಲ್ಲಿ ಮಾಲ್ಟಾ ಬಿಟ್ಟಿತು, ಅದೇ ಏಪ್ರಿಲ್‌ನಲ್ಲಿ ರಷ್ಯಾ ತುರ್ಕಿಯ ಮೇಲೆ ಯುದ್ಧ ಸಾರಿತು. ಈಜಿಯನ್ ಕಡಲಲ್ಲಿ ಗಸ್ತು, ಡಾರ್ಡನೆಲ್ಸ್ ಜಲಸಂಧಿಯ ದಿಗ್ಬಂಧನ, ಯುದ್ಧ ಮುಗಿಸಿದ 1829ರ ಸೆಪ್ಟೆಂಬರ್‌ನ ಆಡ್ರಿಯಾನೋಪಲ್ ಒಪ್ಪಂದದವರೆಗೆ. ಇಸ್ತಾಂಬುಲ್‌ಗೆ ಕಡಲಿನಿಂದ ಧಾನ್ಯ ಹೋಗದಂತೆ ತಡೆಯುವುದೇ ದಿಗ್ಬಂಧನದ ಉದ್ದೇಶ. 1830ರಲ್ಲಿ ಕ್ರೋನ್‌ಸ್ಟಾಟ್‌ಗೆ ವಾಪಸು, ಮರುವರ್ಷ ಒಡೆದರು. ಸಿಬ್ಬಂದಿಯ ಸಾಲಿನಲ್ಲಿ ನಖೀಮೊವ್, ಕೊರ್ನಿಲೊವ್, ಇಸ್ತೋಮಿನ್ ಮೂವರನ್ನೂ ಬರೆಯಿರಿ. ನವಾರಿನೋದಲ್ಲಿ ಕ್ರಮವಾಗಿ ಲೆಫ್ಟಿನೆಂಟ್, ಮಿಚ್‌ಮನ್ (ಕಿರಿಯ ಅಧಿಕಾರಿ), ತರಬೇತಿಯ ಹುಡುಗ. ಮೂವರೂ ಅಡ್ಮಿರಲ್‌ಗಳಾಗಿ ಕ್ರಿಮಿಯನ್ ಯುದ್ಧದ ಸೆವಸ್ತೊಪೋಲ್ ಮುತ್ತಿಗೆಯಲ್ಲಿ, 1854–55ರಲ್ಲಿ, ಸತ್ತರು.